ಶಿವಕ್ಕನ ಪಾಠಕ್ಕೆ ಉಪ್ಪು, ಗೋಡೆ, ಬೂಟು

ಲಂಡನ್ನಿನ ಹ್ಯಾರೋದಲ್ಲಿ ನಾನು ದಿನಸಿ ಅಂಗಡಿ ತೆರೆದ ಮೂರನೆಯ ವರ್ಷ, ಅಂದರೆ ತೊಂಬತ್ತಮೂರರಲ್ಲಿ, ಬೇಳೆ ತೂಗುವ ಕೆಲಸಕ್ಕೆ ಒಬ್ಬ ಹೆಂಗಸು ಬಂದರು. ಮೊದಲ ದಿನವೇ ನನ್ನ ತಕ್ಕಡಿಯನ್ನು ಒಂದು ಗಳಿಗೆ ದಿಟ್ಟಿಸಿ, "ಇದು ಹನ್ನೆರಡು ಗ್ರಾಂ ಸುಳ್ಳು ಹೇಳತೈತ್ರಿ," ಎಂದರು.

"ಯಾರ ಕಡೆಗೆ?" ಎಂದೆ.

"ನಿಮ್ಮ ಕಡೀಗೆ."

"ಹಾಗಾದ್ರೆ ಅದು ಸುಳ್ಳಲ್ಲ, ಅಭ್ಯಾಸ."

ಅವರು ನಗಲಿಲ್ಲ. ಮಧ್ಯಾಹ್ನದೊಳಗೆ ತಕ್ಕಡಿ ಸರಿಯಾಗಿತ್ತು. ನನಗೆ ಶಿವಕ್ಕ ಪರಿಚಯವಾದದ್ದು ಹೀಗೆ.

ಧಾರವಾಡದ ಒಂದು ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ರಸಾಯನಶಾಸ್ತ್ರ ಕಲಿಸಿದವರು ಅವರು. ಗಂಡ ವೀರಭದ್ರನಿಗೆ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಸಿಕ್ಕಿದಾಗ ಜೊತೆಗೆ ಬಂದಿದ್ದರು. ನಮ್ಮದು ಜೋಡಿಮನೆ, ನಡುವೆ ಒಂದೇ ಗೋಡೆ. ಅದರ ಇನ್ನೊಂದು ಅರ್ಧ ಬಾಡಿಗೆಗೆ ಬಿದ್ದಾಗ ನಾನೇ ಅವರಿಗೆ ಕೊಡಿಸಿದೆ. ಪಕ್ಕದಲ್ಲಿ ಯಾರಾದರೂ ಇರಲೇಬೇಕೆಂದಾದರೆ, ರೊಟ್ಟಿ ಬಡಿಯುವ ಸದ್ದಿನವರಿರಲಿ ಎಂಬುದು ನನ್ನ ಲೆಕ್ಕ. ಅಂಥ ಮನೆಯಿಂದ ಎಣ್ಣೆಗಾಯಿ ಆಗಾಗ ಬಂದೇ ಬರುತ್ತದೆ.

ತೊಂಬತ್ತೇಳರಲ್ಲಿ ಶಿವಕ್ಕನಿಗೆ ಹತ್ತಿರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಕಲಿಸುವುದಲ್ಲ, ತೊಳೆಯುವುದು. ಪ್ರಯೋಗಶಾಲೆಯ ಹಿಂದಿನ ಕೋಣೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಗಾಜಿನ ಸಾಮಾನು ತೊಳೆದು, ಆಸಿಡ್ ಅಳೆದು, ಟ್ರಾಲಿಯಲ್ಲಿ ಜೋಡಿಸಿಕೊಡಬೇಕು. ಗೋಡೆಯಾಚೆ ಯಾರೋ ಪಾಠ ಮಾಡುತ್ತಿರುತ್ತಾರೆ. ಅವರು ತಪ್ಪು ಹೇಳಿದರೆ ಶಿವಕ್ಕನ ಕೈಯ ಟೆಸ್ಟ್‌ಟ್ಯೂಬು ತೊಟ್ಟಿಗೆ ಬಡಿಯುತ್ತಿತ್ತು. ಹೀಗೆ ನಾಲ್ಕು ವರ್ಷದಲ್ಲಿ ಒಡೆದ ಟ್ಯೂಬುಗಳನ್ನು ಎಣಿಸಿದ್ದರೆ, ಲಂಡನ್ನಿನಲ್ಲಿ ರಸಾಯನಶಾಸ್ತ್ರ ಯಾವ ಮಟ್ಟದಲ್ಲಿದೆ ಎಂದು ಯಾರಾದರೂ ಹೇಳಬಹುದಿತ್ತು.

ಎರಡು ಸಾವಿರದ ಒಂದರ ಜನವರಿಯಲ್ಲಿ ಆ ಶಾಲೆಯ ಕೆಮಿಸ್ಟ್ರಿ ಮೇಷ್ಟ್ರು ಕೆಲಸ ಬಿಟ್ಟು ನ್ಯೂಜಿಲೆಂಡಿಗೆ ಹೋದರು. ಲಂಡನ್ನಿಗೆಲ್ಲ ವಿಜ್ಞಾನದ ಮೇಷ್ಟರ ಬರಗಾಲವಿದ್ದ ಕಾಲ. ಬದಲಿ ಮೇಷ್ಟರನ್ನು ಒದಗಿಸುವ ಏಜೆನ್ಸಿಯವರು ವಾರಕ್ಕೊಬ್ಬರನ್ನು ಕಳಿಸಿದರು. ಮೂರನೆಯವರು ಭೂಗೋಳದವರು. ಅವರು ಉಪ್ಪು ಎಲ್ಲಿ ಸಿಗುತ್ತದೆ ಎಂಬುದನ್ನು ಚೆನ್ನಾಗಿ ಹೇಳಿದರಂತೆ, ಉಪ್ಪು ಎಂದರೇನು ಎಂಬುದನ್ನು ಮಾತ್ರ ಹೇಳಲಿಲ್ಲ. ಅವತ್ತು ಶಿವಕ್ಕ ಕೈ ಒರೆಸಿಕೊಂಡು ವಿಜ್ಞಾನ ವಿಭಾಗದ ಮುಖ್ಯಸ್ಥೆ ಮಿಸ್ ಬಾರ್ಲೋ ಎದುರು ನಿಂತು, ನಾನು ಕಲಿಸುತ್ತೇನೆ ಎಂದುಬಿಟ್ಟರು.

ಮಿಸ್ ಬಾರ್ಲೋ ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಮುಂದಿನ ವಾರ ಬಿಟ್ಟು ಅದರ ಮುಂದಿನ ಗುರುವಾರ ಶಾಲೆಯ ಹತ್ತನೆಯ ವರ್ಷದ, ಅಂದರೆ ಹದಿನಾಲ್ಕು ಹದಿನೈದರ, ಮಕ್ಕಳಿಗೆ ಒಂದು ಪಾಠ ಮಾಡಿ, ನಾನು ಹಿಂದೆ ಕೂತು ನೋಡುತ್ತೇನೆ ಎಂದರು. ವಿಷಯ: ಪರಮಾಣುಗಳ ನಡುವಿನ ಬಂಧಗಳು. ಮರುದಿನ ಏಜೆನ್ಸಿಯ ಒಬ್ಬ ಗಂಡಸು ಇನ್ನೊಂದು ತರಗತಿಗೆ ಅದೇ ಪಾಠ ಮಾಡುತ್ತಾನೆ. ಕೆಲಸ ಇಬ್ಬರಲ್ಲಿ ಒಬ್ಬರಿಗೆ.

"ನಲವತ್ತೇಳು ಆತ್ರಿ ಅಣ್ಣಾರ," ಎಂದರು ಶಿವಕ್ಕ ಅಂಗಡಿಗೆ ಬಂದು. "ಈ ಸಲ ಆಗಲಿಲ್ಲಂದ್ರ ರಿಟೈರ್ ಆಗೂತನಕ ಗಾಜು ತೊಳಿಯೂದ ಬರೆದಿರತೈತಿ."

ಆ ಹತ್ತನೆಯ ವರ್ಷದ ತರಗತಿಯಲ್ಲಿದ್ದಳು ನನ್ನ ಮಗಳು ಮಾಳವಿಕಾ. ಸುದ್ದಿ ಕೇಳಿ ಅವಳು ಹಪ್ಪಳದ ಕಟ್ಟುಗಳ ಮೇಲೆ ಕುಸಿದು ಕೂತಳು. "ಅಪ್ಪಾ, ನೋ! ಪ್ಲೀಸ್! ಷಿ ಹ್ಯಾಸ್ ಸೀನ್ ಮಿ ವಿತ್ ಹೇರ್ ಆಯಿಲ್!"

"ತಲೆಗೆ ಎಣ್ಣೆ ಹಚ್ಚಿಕೊಂಡದ್ದನ್ನ ನೋಡಿದವರು ಪಾಠ ಮಾಡಬಾರದು ಅಂತ ಯಾವ ಕಾನೂನು?" ಎಂದೆ.

ಅವಳು ಶಾಲೆಯಲ್ಲಿ ಆಂಟಿಯ ಗುರುತೇ ಇಲ್ಲದವಳಂತೆ ಇರುವುದಾಗಿ ಘೋಷಿಸಿದಳು. ಆದರೆ ತಾಲೀಮು ನಡೆದದ್ದು ಅವಳ ಎದುರಿಗೇ. ಸಂಜೆ ನಾಲ್ಕೂವರೆಗೆ ಶಿವಕ್ಕ ಅಂಗಡಿಗೆ ಬಂದು ಪಾಠ ಒಪ್ಪಿಸುವರು. ಗಿರಾಕಿಗಳ ಜಾಗದಲ್ಲಿ ನಾನು, ಮಕ್ಕಳ ಜಾಗದಲ್ಲಿ ಮಾಳವಿಕಾ. ಆ ತರಗತಿಯವಳಿಗೇ ಪಾಠವನ್ನು ಮೊದಲೇ ಕೇಳಿಸುವುದು ಮೋಸ ಎಂದು ನನಗೇನೂ ಅನಿಸಲಿಲ್ಲ. ಸರಕನ್ನು ಮಾರುಕಟ್ಟೆಗೆ ಒಯ್ಯುವ ಮೊದಲು ಮನೆಯವರಿಗೆ ರುಚಿ ತೋರಿಸುವುದು ಮೋಸವೇ?

ಮೊದಲ ದಿನ ಕೌಂಟರಿನ ಮೇಲೆ ತೊಗರಿಬೇಳೆ ಹರಡಿದರು. ಪರಮಾಣುವಿನ ಸುತ್ತ ತಿರುಗುವ ಎಲೆಕ್ಟ್ರಾನಿಗೆ ಬೇಳೆ. ಸೋಡಿಯಮ್ಮಿನ ಹೊರಸುತ್ತಿನಲ್ಲಿ ಒಂದೇ ಬೇಳೆ, ಕ್ಲೋರಿನ್ನಿನ ಹೊರಸುತ್ತಿನಲ್ಲಿ ಏಳು. ಎಂಟಾದರೆ ಅದಕ್ಕೆ ನೆಮ್ಮದಿ.

"ಸೋಡಿಯಂ ಹೆಣ್ಣಿನ ಕಡಿಯವರು, ಕ್ಲೋರಿನ್ ಗಂಡಿನ ಕಡಿಯವರು. ಇವರು ಒಂದು ಬ್ಯಾಳಿ ಕೊಟ್ಟರು, ಅವರು ತಗೊಂಡರು. ಮದಿವಿ ಆತು, ಉಪ್ಪಾತು!" ಎಂದರು ಶಿವಕ್ಕ. "ನಮ್ಮ ಸರ್ ನಮಗ ಹಿಂಗ ಕಲಿಸಿದ್ರು. ನಾನೂ ಹನ್ನೊಂದು ವರ್ಷ ಹಿಂಗ ಕಲಿಸೀನಿ."

ನಾನು ಕಲ್ಲುಪ್ಪಿನ ಪ್ಯಾಕೆಟ್ ಎತ್ತಿಕೊಂಡೆ. ತಮಾಷೆಗೇ ಹೊರತು ಜ್ಞಾನಕ್ಕಲ್ಲ. "ಅಲ್ಲಾ ಶಿವಕ್ಕ, ಈ ಒಂದು ಹರಳಲ್ಲಿ ಎಷ್ಟು ಮದುವೆ ಆಗಿದೆ?"

"ಕೋಟಿ ಕೋಟಿ ರೀ."

"ಈ ದಂಪತಿಗೂ ಪಕ್ಕದ ದಂಪತಿಗೂ ಏನು ಸಂಬಂಧ? ಅವರವರ ಸಂಸಾರ ಅವರವರಿಗೆ ಅಂದ್ರೆ ಹರಳು ಹಿಟ್ಟಿನ ಹಾಗೆ ಉದುರಬೇಕಿತ್ತಲ್ಲ. ಇಷ್ಟು ಗಟ್ಟಿ ಹೇಗೆ ನಿಂತಿದೆ?"

ಹಿಂದಿನಿಂದ ಮಾಳವಿಕಾ ಚಕ್ಕುಲಿ ಕಡಿಯುತ್ತ, "ಅಂಡ್ ವಿಚ್ ವನ್ ಈಸ್ ದ ಹಸ್ಬೆಂಡ್? ದೇ ಆಲ್ ಲುಕ್ ದ ಸೇಮ್," ಎಂದಳು.

ಶಿವಕ್ಕ ಉಪ್ಪಿನ ಪ್ಯಾಕೆಟನ್ನು ನನ್ನ ಕೈಯಿಂದ ಕಿತ್ತು ಚೀಲಕ್ಕೆ ಹಾಕಿಕೊಂಡು ನಡೆದೇಬಿಟ್ಟರು. ಮರುಸಂಜೆ ಬಂದವರ ಕಣ್ಣು ಕೆಂಪಗಿತ್ತು, ಮುಖ ಮಾತ್ರ ಗೆದ್ದವರದು.

"ಮದಿವಿ ರದ್ದಾತ್ರಿ."

"ಅಯ್ಯೋ, ಊಟ ಹಾಕಿಸಿದ ಮೇಲೆ?"

"ಸುಮ್ನ ಕೇಳ್ರಿ. ಕೊಟ್ಟು ತಗೊಳ್ಳೂದು ಬರೇ ಸುರುವಾತು, ಅದು ಬಂಧ ಅಲ್ಲ. ಕೊಟ್ಟಂವ ಪ್ಲಸ್ ಆದ, ತಗೊಂಡಂವ ಮೈನಸ್ ಆದ. ಪ್ಲಸ್ಸು ಮೈನಸ್ಸು ಒಂದನ್ನೊಂದು ಎಳೀತಾವಲ್ಲ, ಆ ಎಳೆತಕ್ಕ ಬಂಧ ಅಂತಾರ. ಅದಕ್ಕ ಇಂಥಾ ಮೈನಸ್ಸ ಬೇಕು ಅಂತ ಏನಿಲ್ಲ. ಒಂದು ಸೋಡಿಯಮ್ಮಿನ ಸುತ್ತ ಮುಂದ, ಹಿಂದ, ಎಡಕ, ಬಲಕ, ಮ್ಯಾಲೆ, ಕೆಳಗ, ಒಟ್ಟು ಆರು ಕ್ಲೋರಿನ್ ನಿಂತಿರತಾವು. ಆರನ್ನೂ ಎಳೀತೈತಿ. ಆ ಒಂದೊಂದು ಕ್ಲೋರಿನ್ ಸುತ್ತ ಮತ್ತ ಆರು ಸೋಡಿಯಂ. ಗಂಡ ಯಾರು ಅಂತ ಕೇಳೂದ ತಪ್ಪು."

"ಆರು ಗಂಡಂದಿರ ಕಥೆಯನ್ನ ಹದಿನೈದರ ಮಕ್ಕಳಿಗೆ ಹೇಳ್ತೀರಾ?"

"ಗಂಡನ ಸುದ್ದಿನ ತಗಿಯಂಗಿಲ್ಲ. ಪಂಕ್ತಿ ಅಂತೀನಿ."

ನಮ್ಮ ಕನ್ನಡ ಸಂಘದ ಊಟದಲ್ಲಿ ಎದುರುಬದುರಾಗಿ ಎರಡು ಸಾಲು ಕೂರುತ್ತೇವೆ. ಜಗಳವಾಗದಂತೆ ನನ್ನ ಹೆಂಡತಿ ಅಂಬುಜಾ ಒಂದು ಉಪಾಯ ಮಾಡಿದ್ದಾಳೆ: ಒಬ್ಬ ಮಾತುಗಾರನ ಪಕ್ಕಕ್ಕೂ ಎದುರಿಗೂ ಕೇಳುವವರೇ ಇರಬೇಕು. ಹೀಗೆ ಕೂರಿಸಿದರೆ ಪಾಯಸದವರೆಗೆ ಯಾರೂ ಏಳುವುದಿಲ್ಲ. ಆದರೆ ಒಂದು ಸಾಲು ಒಂದೇ ಒಂದು ಎಲೆಯಷ್ಟು ಪಕ್ಕಕ್ಕೆ ಸರಿದರೆ? ಮಾತುಗಾರನ ಎದುರಿಗೆ ಮಾತುಗಾರ. ಸಾರಿಗೆ ಮೊದಲೇ ಪಂಕ್ತಿ ಎರಡಾಗುತ್ತದೆ. ಶಿವಕ್ಕ ಕಲ್ಲುಪ್ಪಿನ ಹರಳನ್ನು ಕೌಂಟರಿನ ಮೇಲಿಟ್ಟು ಕುಟ್ಟಾಣಿಯಿಂದ ಒಂದು ಹಾಕಿದರು. ಪೆಟ್ಟಿಗೆ ಸಾಲು ಸರಿಯಿತು, ಪ್ಲಸ್ಸಿನ ಎದುರು ಪ್ಲಸ್ ಬಂತು, ಒಂದನ್ನೊಂದು ದಬ್ಬಿಕೊಂಡವು, ಹರಳು ಚೂರಾಯಿತು. ಒಂದು ಚೂರು ಹಾರಿ ಮೆಂತ್ಯದ ಡಬ್ಬಕ್ಕೆ ಬಿತ್ತು. ಅದನ್ನು ಈಗಲೂ ಹುಡುಕುತ್ತಿದ್ದೇನೆ.

ಅಯಾನಿಕ ಬಂಧ ಹೀಗೆ ಮುಗಿಯಿತು. ಎರಡನೆಯದು ಕೋವೇಲೆಂಟ್. ಅಲ್ಲಿ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ, ಎಲೆಕ್ಟ್ರಾನನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ವ್ಯಾಪಾರಿಯಾಗಿ ನನಗೆ ಇದರ ಮೇಲೆ ನಂಬಿಕೆ ಬರಲಿಲ್ಲ. ಹಂಚಿಕೊಂಡ ಸಾಮಾನನ್ನು ಇಬ್ಬರೂ ಪೂರ್ತಿ ತಮ್ಮದೇ ಎಂದು ಎಣಿಸುತ್ತಾರೆಂದರೆ, ಆ ವ್ಯವಹಾರ ಕೋರ್ಟಿನಲ್ಲಿ ಮುಗಿಯಬೇಕು.

ಶನಿವಾರ ಬೆಳಿಗ್ಗೆ ಉಪ್ಪಿನಕಾಯಿ ಜಾಡಿಗಳಿಗೆ ಕಪಾಟು ಹಾಕಲೆಂದು ಮನೆಯ ನಡುಗೋಡೆಗೆ ಡ್ರಿಲ್ ಹಿಡಿದೆ. ಆಚೆ ಮನೆಯಲ್ಲಿ ಏನೋ ಧಡ್ ಎಂದಿತು. ಎರಡು ನಿಮಿಷದಲ್ಲಿ ಶಿವಕ್ಕ ಬಾಗಿಲಲ್ಲಿದ್ದರು, ಕೈಯಲ್ಲಿ ಗಾಜು ಒಡೆದ ಫೋಟೋ. ಫೋಟೋದಲ್ಲಿ ಅವರ ಮಾವ ಒಂದು ಬಿರುಕಿನ ಹಿಂದಿನಿಂದ ನನ್ನನ್ನು ನೋಡುತ್ತಿದ್ದರು.

"ಈ ಗೋಡಿ ಯಾರದ್ರಿ ಅಣ್ಣಾರ?"

"ನಿಮ್ಮದೂ ಹೌದು, ನಮ್ಮದೂ ಹೌದು," ಎಂದೆ, ತಪ್ಪಿಸಿಕೊಳ್ಳುವ ದಾರಿ ನೋಡುತ್ತ.

ಬೈಯಲು ಬಾಯಿ ತೆರೆದವರು ಗೋಡೆಯತ್ತ ತಿರುಗಿದರು. "ನಿಮ್ಮ ಮನಿಗೆ ಗೋಡಿ ಎಷ್ಟು?"

"ನಾಲ್ಕು."

"ನಮ್ಮ ಮನಿಗೆ?"

"ನಾಲ್ಕು."

"ಹಂಗಾರ ಕಟ್ಟಿದಂವ ಒಟ್ಟು ಎಷ್ಟು ಕಟ್ಟಿದ?"

"ಎಂಟು," ಎಂದೆ. ಹತ್ತು ವರ್ಷ ಲೆಕ್ಕದಲ್ಲೇ ಹೊಟ್ಟೆ ಹೊರೆದ ಮನುಷ್ಯ ನಾನು.

"ಏಳು!" ಶಿವಕ್ಕ ಕುಣಿಯುವುದೊಂದು ಬಾಕಿ. "ಏಳ ಗೋಡಿ, ಆದ್ರ ಇಬ್ಬರಿಗೂ ನಾಕು ನಾಕು! ನಡುವಿನ ಗೋಡಿ ಕೆಡವಿದ್ರ ಇಬ್ಬರದೂ ಮನಿ ಅಲ್ಲ. ಎರಡು ಕ್ಲೋರಿನ್ ಕೂಡಿದ್ರ ಹಿಂಗ. ಇಬ್ಬರ ಹತ್ರಾನೂ ಏಳೇಳು, ನಡುವ ಒಂದು ಜೋಡಿ ಹಂಚಿಕೊಂಡರು, ಇಬ್ಬರೂ ಎಂಟಂತ ಎಣಿಸಿದರು!" ಮಾವನ ಫೋಟೋವನ್ನು ನನ್ನ ಕೈಗೆ ತುರುಕಿ ಓಡಿದರು. ಗಾಜು ನಾನೇ ಹಾಕಿಸಬೇಕೆಂದು ಅದರರ್ಥ.

ಅರ್ಧಗಂಟೆ ಕಳೆದು ಗೋಡೆಯಾಚೆಯಿಂದ ಕೂಗು ಕೇಳಿತು. "ಅಣ್ಣಾರ! ಗೋಡಿ ಇಬ್ಬರದೂ ಖರೆ, ಆದ್ರ ಕಪಾಟೆಲ್ಲ ನಿಮ್ಮ ಕಡೀಗೆ! ನೀವು ಆಕ್ಸಿಜನ್ ಇದ್ದೀರಿ!" ಅದು ಬೈಗುಳವೆಂದೇ ಎರಡು ದಿನ ತಿಳಿದಿದ್ದೆ. ಆಮೇಲೆ ಮಾಳವಿಕಾ ಬಿಡಿಸಿ ಹೇಳಿದಳು. ನೀರಿನಲ್ಲಿ ಆಕ್ಸಿಜನ್ನೂ ಹೈಡ್ರೋಜನ್ನೂ ಎಲೆಕ್ಟ್ರಾನನ್ನು ಹಂಚಿಕೊಂಡಿದ್ದರೂ ಆಕ್ಸಿಜನ್ ಅದನ್ನು ತನ್ನ ಕಡೆಗೆ ಸ್ವಲ್ಪ ಹೆಚ್ಚೇ ಎಳೆದುಕೊಂಡಿರುತ್ತದಂತೆ. ತಿಳಿದ ಮೇಲೂ ಅದು ಬೈಗುಳವೇ ಎಂದು ನನ್ನ ಅಭಿಪ್ರಾಯ.

ಉಳಿದದ್ದು ಲೋಹದ ಬಂಧ. ತಾಮ್ರದ ತಂತಿ ಬಾಗುತ್ತದೆ, ಒಡೆಯುವುದಿಲ್ಲ, ಕರೆಂಟನ್ನೂ ಹರಿಸುತ್ತದೆ. ಯಾಕೆ? ಪುಸ್ತಕದಲ್ಲಿ 'ಎಲೆಕ್ಟ್ರಾನ್‌ಗಳ ಸಮುದ್ರ' ಎಂದಿತ್ತು. "ಹ್ಯಾರೋದ ಹುಡುಗರು ಸಮುದ್ರ ಅಂದ ಕೂಡಲೆ ಐಸ್‌ಕ್ರೀಮ್ ನೆನಸ್ತಾರ," ಎಂದು ಶಿವಕ್ಕ ತಲೆ ಕೆಡಿಸಿಕೊಂಡಿದ್ದರು. ಪಾಠಕ್ಕೆ ಇನ್ನು ನಾಲ್ಕೇ ದಿನ.

ಭಾನುವಾರ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಮ್ಮವರ ಪದ್ಧತಿ ಗೊತ್ತೇ ಇದೆ. ಹೊರಗೆ ಎಂಥ ಚಳಿಯಿದ್ದರೂ ಬೂಟು ಬಾಗಿಲಲ್ಲೇ ಬಿಡಬೇಕು. ಮೂವತ್ತು ಜನರ ಬೂಟು ಇಕ್ಕಟ್ಟಾದ ಹಜಾರದಲ್ಲಿ ಮೊಣಕಾಲೆತ್ತರ ರಾಶಿ ಬಿದ್ದಿತ್ತು. ಹಿತ್ತಲಿಗೆ ಹೋಗಬೇಕಾದವರು ತಮ್ಮದನ್ನು ಹುಡುಕುವುದುಂಟೇ? ಕಾಲಿಗೆ ಸಿಕ್ಕ ಜೋಡಿ ತೂರಿಸಿಕೊಂಡು ಹೋಗುವುದು, ಬಂದು ಇನ್ನೆಲ್ಲೋ ಬಿಡುವುದು. ವೀರಭದ್ರ ಪ್ರಸಾದ ಬಾಯಿಗೆ ಹಾಕಿಕೊಂಡವನೇ ಡ್ಯೂಟಿಗೆ ತಡವಾಯಿತೆಂದು ಓಡಿದ. ಕಾಲು ಗಂಟೆ ಕಳೆದು ಡಾಕ್ಟರ್ ಅನಂತಮೂರ್ತಿಯವರು ರಾಶಿಯ ಮುಂದೆ ಬಗ್ಗಿ, "ನನ್ನ ಬೂಟು ಕಾಣಿಸ್ತಿಲ್ಲವಲ್ಲ ವೇಣು," ಎಂದರು.

"ಯಾವ ಥರದ್ದು ಸಾರ್?"

"ಕಪ್ಪು."

ಅಲ್ಲಿದ್ದವೆಲ್ಲ ಕಪ್ಪು.

"ನಮ್ಮ ಮನಿಯವರು ಹಾಕ್ಕೊಂಡು ಹೋಗಿರಬೇಕ್ರಿ," ಎಂದರು ಶಿವಕ್ಕ ಶಾಂತವಾಗಿ. "ಮಂದಿ ಎಲವು ನೋಡಿ ಗುರುತು ಹಿಡೀತಾರ, ತಮ್ಮ ಬೂಟು ಗೊತ್ತಾಗಂಗಿಲ್ಲ. ನೀವು ಅವರದು ಹಾಕ್ಕೊಂಡು ಹೋಗ್ರಿ, ಯಾವುದಾದ್ರೇನು..." ರಾಶಿಯನ್ನು ನೋಡಿದರು, ಒಳಗೆ ಕೂತ ಮೂವತ್ತು ಜನರ ಬರಿಗಾಲು ನೋಡಿದರು, ಮತ್ತೆ ರಾಶಿ ನೋಡಿದರು. ಡಾಕ್ಟರು ಬಚ್ಚಲಿನ ರಬ್ಬರ್ ಚಪ್ಪಲಿಯಲ್ಲಿ ಕಾರು ಹತ್ತಿದ್ದನ್ನು ಅವರು ಗಮನಿಸಲೇ ಇಲ್ಲ.

ಗುರುವಾರ ನಡೆದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ. ಶಿವಕ್ಕ ಹೇಳಿದ್ದರಲ್ಲಿ ಒಂದಷ್ಟು ಕಳೆದು, ಮಾಳವಿಕಾ ಹೇಳಿದ್ದಕ್ಕೆ ಒಂದಷ್ಟು ಕೂಡಿಸಿ ಬರೆಯುತ್ತಿದ್ದೇನೆ.

ಉಪ್ಪಿನ ಪಾಠ ಚೆನ್ನಾಗಿಯೇ ಆಯಿತು. ಗೋಡೆಯದೂ ಆಯಿತು, ಜೋಡಿಮನೆಯ ಮಕ್ಕಳೇ ತುಂಬಿದ್ದ ತರಗತಿ, ಏಳು ಗೋಡೆ ಎಂದಾಗ ಯಾರೋ ಶಿಳ್ಳೆ ಹಾಕಿದರಂತೆ. ಹಿಂದಿನ ಬೆಂಚಿನಲ್ಲಿ ಮಿಸ್ ಬಾರ್ಲೋ ಬರೆದುಕೊಳ್ಳುತ್ತಿದ್ದರು. ಆಮೇಲೆ ಶಿವಕ್ಕ ಇಪ್ಪತ್ತೆಂಟು ಮಕ್ಕಳಿಗೂ ಬೂಟು ಬಿಚ್ಚಲು ಹೇಳಿದರು.

ಪ್ರಯೋಗಶಾಲೆಯಲ್ಲಿ ಬೂಟಿಲ್ಲದೆ ಕಾಲಿಡಬಾರದು ಎಂಬ ನಿಯಮದ ಹಾಳೆ ಬಾಗಿಲ ಮೇಲಿತ್ತು. ಅಂಟಿಸಿದವರು ಸ್ವತಃ ಶಿವಕ್ಕ. ಮಿಸ್ ಬಾರ್ಲೋ ಪೆನ್ನು ಮೇಲೆತ್ತಿದರು. "ಈ ನೆಲ ನಾಕು ವರ್ಷದಿಂದ ನಾನ ಗುಡಿಸೀನಿ. ಒಂದು ಗಾಜಿನ ಚೂರಿಲ್ಲ," ಎಂಬರ್ಥದ ಇಂಗ್ಲಿಷನ್ನು ಶಿವಕ್ಕ ಆಡಿದರು. ಪೆನ್ನು ಕೆಳಗಿಳಿಯಲಿಲ್ಲ, ಆದರೆ ಮಿಸ್ ಬಾರ್ಲೋ ತಡೆಯಲೂ ಇಲ್ಲ.

ಏಳೇಳು ಮಕ್ಕಳ ನಾಲ್ಕು ಸಾಲು, ಸಾಲುಗಳ ನಡುವೆಲ್ಲ ಬೂಟಿನ ಹಾಸು. ಯೂನಿಫಾರ್ಮಿನ ಕರಿಬೂಟು, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಎಲೆಕ್ಟ್ರಾನುಗಳೂ ಹಾಗೆಯೇ. "ನೀವೆಲ್ಲ ತಾಮ್ರ. ಹೊರಗಿನದನ್ನ ಬಿಚ್ಚಿ ರಾಶಿಗೆ ಹಾಕಿದಿರಿ, ಈಗ ಎಲ್ಲರೂ ಪ್ಲಸ್. ಪ್ಲಸ್ ಪ್ಲಸ್ ದೂರ ಸರಿಯಬೇಕು, ಆದರೆ ಈ ಚಳಿಯಲ್ಲಿ ಬೂಟಿಲ್ಲದೆ ಯಾರು ಹೊರಗೆ ಹೋಗ್ತೀರಿ? ಯಾರದೂ ಅಲ್ಲದ, ಎಲ್ಲರದೂ ಆದ ಈ ರಾಶಿಯೇ ನಿಮ್ಮನ್ನ ಹಿಡಿದಿಟ್ಟಿದೆ." ಒಂದು ಸಾಲನ್ನು ಪಕ್ಕಕ್ಕೆ ಸರಿಸಿದರು. ಏನೂ ಒಡೆಯಲಿಲ್ಲ, ಸುತ್ತ ಬೂಟು ಇದ್ದೇ ಇತ್ತು. ಲೋಹ ಬಾಗುವುದು ಹೀಗೆ. ಈ ತುದಿಯಿಂದ ಒಂದು ಬೂಟು ಒಳಗೆ ತಳ್ಳಿಸಿದರು. ಒಂದು ಇನ್ನೊಂದನ್ನು ನೂಕಿ ಆ ತುದಿಯಿಂದ ಬೇರೊಂದು ಹೊರಬಂತು. ಕರೆಂಟು ಹರಿಯುವುದು ಹೀಗೆ. ಇದಕ್ಕೆ 'ಡಿಲೋಕಲೈಸ್ಡ್' ಎಂದು ಹೆಸರು, ಅಂದರೆ ಒಬ್ಬರಿಗೆ ಕಟ್ಟುಬೀಳದ್ದು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಫೈರ್ ಅಲಾರಂ ಹೊಡೆಯಿತು.

ಅಡುಗೆ ಕಲಿಸುವ ಕೋಣೆಯಲ್ಲಿ ಯಾರೋ ಬ್ರೆಡ್ಡು ಸುಟ್ಟಿದ್ದರು. ಅದು ಆಮೇಲೆ ತಿಳಿದದ್ದು. ಆಗ ಇಪ್ಪತ್ತೆಂಟು ಮಕ್ಕಳು ಐವತ್ತಾರು ಬೂಟಿನ ಮೇಲೆ ಬಿದ್ದು, ಸಿಕ್ಕಿದ್ದನ್ನು ತೂರಿಸಿಕೊಂಡು ಮೈದಾನಕ್ಕೆ ಓಡಿದರು. ಫೆಬ್ರವರಿಯ ಗಾಳಿ. ಇಡೀ ಶಾಲೆ ಸಾಲಾಗಿ ನಿಂತಿದೆ. ಈ ಒಂದು ತರಗತಿ ಮಾತ್ರ ಕುಂಟುತ್ತಿದೆ. ಶಿವಕ್ಕನಿಗೆ ತನ್ನ ಬಿಳಿ ಕೋಟು, ತೊಟ್ಟಿ, ಇನ್ನು ಹದಿನೆಂಟು ವರ್ಷದ ಟೆಸ್ಟ್‌ಟ್ಯೂಬುಗಳು ಕಣ್ಣಮುಂದೆ ಬಂದವಂತೆ.

ಹೆಡ್‌ಮಾಸ್ಟರು ನೇರ ಅಲ್ಲಿಗೇ ಬಂದರು. ಅವರ ಕಣ್ಣಿಗೆ ಮೊದಲು ಬಿದ್ದವಳು ಮಾಳವಿಕಾ. ಒಂದು ಕಾಲಲ್ಲಿ ದೋಣಿಯಂಥ ಬೂಟು, ಇನ್ನೊಂದು ಕಾಲಲ್ಲಿ ಅರ್ಧ ಮಾತ್ರ ಹೊಕ್ಕದ್ದು. ಇವು ಯಾರ ಬೂಟುಗಳು ಎಂದು ಕೇಳಿದರು.

ಆಂಟಿಯ ಗುರುತೇ ಇಲ್ಲದವಳಂತೆ ಇರಬೇಕಾಗಿದ್ದ ನನ್ನ ಮಗಳು ನೆಟ್ಟಗೆ ನಿಂತು ಹೇಳಿದಳಂತೆ: "ದೇರ್ ಡಿಲೋಕಲೈಸ್ಡ್, ಸರ್."

"ಏನು ಹಾಗೆಂದರೆ?"

ಅವಳು ವಿವರಿಸಿದಳು. ಅವಳು ಬಿಟ್ಟದ್ದನ್ನು ಪಕ್ಕದವನು ಸೇರಿಸಿದ. ಉಪ್ಪು ಯಾಕೆ ಒಡೆಯುತ್ತದೆ ಎಂದು ಹಿಂದಿನ ಸಾಲು ಕೂಗಿತು. ಹೆಡ್‌ಮಾಸ್ಟರು ಇತಿಹಾಸದವರು. ಮೈದಾನದ ಚಳಿಯಲ್ಲಿ ನಿಂತು ಅವರು ಬೇಡಬೇಡವೆಂದರೂ ಮೂರು ಬಂಧಗಳನ್ನೂ ಕಲಿತರು. ಮಿಸ್ ಬಾರ್ಲೋ ಅಲ್ಲೂ ಬರೆದುಕೊಳ್ಳುತ್ತಿದ್ದರು.

ಶುಕ್ರವಾರ ಏಜೆನ್ಸಿಯವನು ಬಣ್ಣಬಣ್ಣದ ಚಿತ್ರ ತೋರಿಸಿ ಒಂದು ಕೂದಲೂ ಕೊಂಕದಂತೆ ಪಾಠ ಮುಗಿಸಿದ. ಹೆಡ್‌ಮಾಸ್ಟರಿಗೆ ಅವನೇ ಇಷ್ಟ. ಬೂಟು ಹಾಕಿಕೊಂಡೇ ಕಲಿಸಿದ್ದ. ಆದರೆ ಮಿಸ್ ಬಾರ್ಲೋ ಎರಡು ಅಂಗಡಿಯ ಅಕ್ಕಿಯನ್ನೂ ಬೇಯಿಸಿ ನೋಡಿ ಕೊಳ್ಳುವ ಜಾತಿ. ಸೋಮವಾರ ಎರಡೂ ತರಗತಿಗೆ ಹೇಳದೆ ಕೇಳದೆ ಒಂದೇ ಪ್ರಶ್ನೆ ಕೊಟ್ಟರು: ಪೆಟ್ಟು ಬಿದ್ದರೆ ಉಪ್ಪು ಒಡೆಯುತ್ತದೆ, ತಾಮ್ರ ಬಾಗುತ್ತದೆ, ಯಾಕೆ? ಏಜೆನ್ಸಿಯವನ ತರಗತಿಯಲ್ಲಿ ಆರು ಜನ ಸರಿಯಾಗಿ ಬರೆದರು. ಶಿವಕ್ಕನ ತರಗತಿಯಲ್ಲಿ ಇಪ್ಪತ್ತೈದು. ಉಳಿದ ಮೂವರಲ್ಲಿ ಒಬ್ಬ, ಇನ್ನೂ ತನ್ನ ಬಲಗಾಲಿನ ಬೂಟು ಸಿಕ್ಕಿಲ್ಲ ಎಂದು ಬರೆದಿದ್ದ.

ಮಂಗಳವಾರ ಸಂಜೆ ಶಿವಕ್ಕ ಅಂಗಡಿಗೆ ಬಂದು ಬೆಲ್ಲದ ಅಚ್ಚೊಂದನ್ನು ತಾವೇ ಒಡೆದು ನಮ್ಮ ಬಾಯಿಗೆ ಹಾಕಿದರು. ಕೆಲಸ ಸಿಕ್ಕಿತ್ತು. ಎರಡು ಷರತ್ತು: ಲ್ಯಾಬಿನಲ್ಲಿ ಇನ್ನು ಯಾರೂ ಬೂಟು ಬಿಚ್ಚಕೂಡದು. ಮತ್ತೆ, ತೊಳೆಯುವ ಕೆಲಸಕ್ಕೆ ಹೊಸಬರು ಸಿಗುವವರೆಗೆ ಗಾಜಿನ ಸಾಮಾನೂ ಅವರ ಹೊಣೆಯೇ.

ಮಿಸ್ ಬಾರ್ಲೋ ಮೇಲೆ ನನಗೆ ಗೌರವ ಉಕ್ಕಿತು. ಒಂದೇ ಸಂಬಳಕ್ಕೆ ಎರಡು ಕೆಲಸ! "ಒಪ್ಪಿಬಿಟ್ಟಿರಾ? ಸ್ವಲ್ಪ ಚೌಕಾಸಿ ಮಾಡಬಾರದಿತ್ತಾ ಶಿವಕ್ಕ?"

"ಯಾಕ ಮಾಡ್ಲಿ?" ಬೆಲ್ಲ ಚೀಪುತ್ತ ಹೇಳಿದರು. "ಡಿಟೆನ್ಷನ್ ಅಂತ ಒಂದು ಐತ್ರಿ ಈ ದೇಶದಾಗ. ತಪ್ಪು ಮಾಡಿದವರು ಸಾಲಿ ಬಿಟ್ಟ ಮ್ಯಾಲೆ ಮೇಷ್ಟ್ರು ಹೇಳಿದ್ದು ಮಾಡಬೇಕು. ನಾ ಗಾಜು ಮುಟ್ಟಂಗಿಲ್ಲ."

ಮೊದಲ ವಾರ ಸಿಕ್ಕಿಬಿದ್ದವಳು ನಮ್ಮ ಮಾಳವಿಕಾ. ತಡವಾಗಿ ಬಂದು, ನೆನೆದು ಸುಕ್ಕಾದ ಬೆರಳುಗಳನ್ನು ನನ್ನ ಮುಖದ ಮುಂದೆ ಹಿಡಿದಳು. ನಲವತ್ತು ಟೆಸ್ಟ್‌ಟ್ಯೂಬು. ಏನು ತಪ್ಪು ಮಾಡಿದೆ ಎಂದು ಕೇಳಿದರೆ ಹೇಳಲೊಲ್ಲಳು. ಅಷ್ಟರಲ್ಲಿ ಅಪರಾಧ ಕಂಡುಹಿಡಿದವರೇ ಅಕ್ಕಿ ಕೊಳ್ಳಲು ಬಂದರು.

"ತುಂಬಿದ ಕ್ಲಾಸಿನಾಗ ಕೈ ಎತ್ತಿ, 'ಆಂಟಿ, ಒಂದು ಡೌಟ್' ಅಂದ್ಲ್ರಿ."

"ಇಟ್ ಜಸ್ಟ್ ಕೇಮ್ ಔಟ್, ಆಂಟಿ..."

"ಇಲ್ಲೆ ಆಂಟಿ ಅನ್ನವ್ವಾ, ಎಷ್ಟ ಬೇಕಷ್ಟು ಅನ್ನು. ಅಲ್ಲೆ ಇನ್ನೊಮ್ಮೆ ಅಂದಿ ಅಂದ್ರ ನಾಳೆ ಫ್ಲಾಸ್ಕ್ ಅದಾವ, ಅರವತ್ತು."